ದಮ್‌ದಮ್ ಗುಂಡು ಯಾರಿಗೆ ನಿಷಿದ್ಧ?

1899ರ ಮೇ 18ರಂದು ಹಾಲೆಂಡಿನ ಹೇಗ್ ನಗರದ ಅರಮನೆಯೊಂದರಲ್ಲಿ 26 ದೇಶಗಳ ಪ್ರತಿನಿಧಿಗಳು ಸೇರಿದರು. ಕರೆ ಕೊಟ್ಟವನು ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಾಸ್. ಸೇನೆ, ಶಸ್ತ್ರಾಸ್ತ್ರಗಳ ಖರ್ಚಿಗೆ ಕಡಿವಾಣ ಹಾಕಬೇಕೆಂಬುದು ಅವನ ಮುಖ್ಯ ಆಸೆ, ಅದು ಈಡೇರಲಿಲ್ಲ. ಆದರೆ ಎರಡು ತಿಂಗಳಿಗೂ ಮಿಕ್ಕಿ ನಡೆದ ಮಾತುಕತೆಯಲ್ಲಿ ಬೇರೆ ಕೆಲವು ಕೆಲಸಗಳಾದವು. ಕಲ್ಕತ್ತೆಯ ಪಕ್ಕದ ದಮ್‌ದಮ್‌ನಲ್ಲಿ ತಯಾರಾಗುತ್ತಿದ್ದ ಒಂದು ಬಗೆಯ ರೈಫಲ್ ಗುಂಡಿನ ಮೇಲೆ ಬಿದ್ದ ನಿಷೇಧ ಅವುಗಳಲ್ಲೊಂದು. ಯುದ್ಧ ಕಾನೂನಿನ ಇಂದಿನ ತೊಡಕುಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ 2001ರ ಸೆಪ್ಟೆಂಬರ್‌ನಿಂದ ಶುರುಮಾಡುತ್ತಾರೆ. ಸಮವಸ್ತ್ರವಿಲ್ಲದ, ತನ್ನದೆಂಬ ದೇಶವಿಲ್ಲದ, ಯಾವ ನಿಯಮಕ್ಕೂ ಬಗ್ಗದ ಶತ್ರುವನ್ನು ಹಳೆಯ ಕಾನೂನು ಕಂಡೇ ಇರಲಿಲ್ಲ, ಹಾಗಾಗಿ ಅದು ಇವನಿಗೆ ಒಗ್ಗುವುದಿಲ್ಲ ಎಂದು ಅವರ ವಾದ. ಇತಿಹಾಸ ಹೇಳುವುದು ಬೇರೆಯೇ. ಹಳೆಯ ಕಾನೂನು ಈ ಶತ್ರುವನ್ನು ಚೆನ್ನಾಗಿಯೇ ಕಂಡಿತ್ತು; ಕಂಡು, ಗುರುತು ಹಿಡಿದು, ಬಾಗಿಲ ಹೊರಗೆ ನಿಲ್ಲಿಸಿತ್ತು. ಅದಕ್ಕೆ ದಮ್‌ದಮ್ ಗುಂಡಿನ ಕಥೆಯೇ ಸಾಕ್ಷಿ.

ದಮ್‌ದಮ್ ಅಷ್ಟು ಹೊತ್ತಿಗಾಗಲೇ ಹೆಸರು ಮಾಡಿದ ಊರು. 1783ರಿಂದ 1853ರವರೆಗೆ ಬಂಗಾಳ ಫಿರಂಗಿ ದಳದ ಮುಖ್ಯ ಠಾಣ್ಯ ಅಲ್ಲಿತ್ತು. ಠಾಣ್ಯ ಮೀರತ್‌ಗೆ ಹೋದ ಮೇಲೂ ಮದ್ದುಗುಂಡಿನ ಕಾರ್ಖಾನೆ ಉಳಿಯಿತು. 1857ರ ಜನವರಿಯಲ್ಲಿ ಆ ಕಾರ್ಖಾನೆಯ ಒಬ್ಬ ಖಲಾಸಿ ಬ್ರಾಹ್ಮಣ ಸಿಪಾಯಿಯೊಬ್ಬನ ತಂಬಿಗೆಯಿಂದ ನೀರು ಕೇಳಿದ. ಜಾತಿ ಕೆಡುತ್ತದೆಂದು ಸಿಪಾಯಿ ಕೊಡಲಿಲ್ಲ. ಹಸುವಿನ, ಹಂದಿಯ ಕೊಬ್ಬು ಸವರಿದ ಕಾಡತೂಸನ್ನು ಬಾಯಲ್ಲಿ ಕಚ್ಚಿ ಹರಿಯುವ ಕಾಲ ಬರುತ್ತಿದೆ, ಆಗ ನಿನ್ನ ಜಾತಿ ಎಲ್ಲಿರುತ್ತದೆ ನೋಡೋಣ ಎಂದು ಖಲಾಸಿ ಹಂಗಿಸಿದ. ಆ ವರ್ಷದ ದಂಗೆಯ ಚರಿತ್ರೆ ಬರೆದ ಹಲವರು ಈ ಮಾತನ್ನು ದಾಖಲಿಸಿದ್ದಾರೆ. ಅಲ್ಲಿಂದ 40 ವರ್ಷ ಕಳೆದ ಮೇಲೆ ಅದೇ ಕಾರ್ಖಾನೆಯ ಇನ್ನೊಂದು ಸರಕು ಯುರೋಪಿನ ರಾಯಭಾರಿಗಳ ಬಾಯಿಗೆ ಬಿತ್ತು.

ಅದರ ಹಿನ್ನೆಲೆ ಬಂದೂಕಿನ ಸುಧಾರಣೆಯಲ್ಲಿದೆ. 1871ರಿಂದ ಬ್ರಿಟಿಷ್ ಸೈನಿಕರ ಕೈಯಲ್ಲಿದ್ದ ಮಾರ್ಟಿನಿ-ಹೆನ್ರಿ ರೈಫಲ್ಲಿನ ಗುಂಡು ಬರಿಯ ಸೀಸದ್ದು, 0.45 ಇಂಚಿನ ವ್ಯಾಸ, 31 ಗ್ರಾಂ ತೂಕ. ಬಡಿದ ಮೇಲೆ ಚಪ್ಪಟೆಯಾಗಿ ಮೂಳೆಯನ್ನು ಪುಡಿಮಾಡುತ್ತಿತ್ತು. 1888ರಲ್ಲಿ ಬಂದ ಲೀ-ಮೆಟ್‌ಫೋರ್ಡ್ ರೈಫಲ್ಲಿನ ಗುಂಡು ಅದರ ಅರ್ಧ ತೂಕದ್ದೂ ಇರಲಿಲ್ಲ. 0.303 ಇಂಚಿನ ಸಣ್ಣ ಗುಂಡು, ವೇಗ ಹೆಚ್ಚು, ಆ ವೇಗಕ್ಕೆ ಸೀಸ ಕರಗಿ ನಳಿಗೆಗೆ ಅಂಟದಂತೆ ತಾಮ್ರ-ನಿಕ್ಕಲ್ ಮಿಶ್ರಲೋಹದ ಹೊದಿಕೆ. ದೂರ ಹೋಗುತ್ತಿತ್ತು, ಗುರಿ ತಪ್ಪುತ್ತಿರಲಿಲ್ಲ, ಮೈಯನ್ನು ಹೊಕ್ಕು ಆಚೆ ಹೊರಟುಹೋಗುತ್ತಿತ್ತು. 1895ರಲ್ಲಿ ವಾಯವ್ಯ ಗಡಿಯ ಚಿತ್ರಾಲ್ ಕಾರ್ಯಾಚರಣೆಯಿಂದ ಮರಳಿದ ಸೈನಿಕರು ತಂದದ್ದು ಇದೇ ದೂರು: ಪಠಾಣರಿಗೆ ಗುಂಡು ತಾಗುತ್ತದೆ, ಆದರೆ ಅವರು ಬೀಳುವುದಿಲ್ಲ, ಕತ್ತಿ ಹಿರಿದು ಮುನ್ನುಗ್ಗುತ್ತಲೇ ಇರುತ್ತಾರೆ. ದಮ್‌ದಮ್ ಕಾರ್ಖಾನೆಯ ಮೇಲ್ವಿಚಾರಕ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ ಇದಕ್ಕೆ ಕಂಡುಕೊಂಡ ಪರಿಹಾರ ನೋಡಲು ಬಲು ಸಣ್ಣದು. ಲೋಹದ ಹೊದಿಕೆಯನ್ನು ಮೂತಿಯವರೆಗೆ ಎಳೆಯದೆ, ತುದಿಯಲ್ಲಿ ಒಂದಿಷ್ಟು ಸೀಸ ಬೆತ್ತಲೆ ಕಾಣುವಂತೆ ಬಿಟ್ಟ. ಆ ಮೆತ್ತನೆಯ ಮೂತಿ ಮೈಗೆ ತಾಗಿದೊಡನೆ ಅಣಬೆಯ ಹಾಗೆ ಅರಳುತ್ತಿತ್ತು, ಹೊಕ್ಕ ಕಡೆ ಚಿಕ್ಕ ತೂತು, ಒಳಗೆ ಮತ್ತು ಹೊರಬಿದ್ದ ಕಡೆ ದೊಡ್ಡ ಗಾಯ. 1897–98ರಲ್ಲಿ ತೀರಾಹ್ ಕಣಿವೆಯ ಆಫ್ರಿದಿಗಳ ಮೇಲೆ ಅದನ್ನು ಧಾರಾಳವಾಗಿ ಹಾರಿಸಲಾಯಿತು. ಮರುವರ್ಷ ಸೂಡಾನಿನ ದಂಡಯಾತ್ರೆಯಲ್ಲಿ ಇಂಥ ಗುಂಡು ಸಾಕಷ್ಟು ಕೈಗೆ ಸಿಗದಿದ್ದಾಗ ಮೇಲಧಿಕಾರಿಗಳ ಅಪ್ಪಣೆಯ ಮೇರೆಗೇ ಬ್ರಿಟಿಷ್ ಸೈನಿಕರು ಕೂತು ಅರ ಹಿಡಿದು, ಸಾದಾ ಗುಂಡುಗಳ ಮೂತಿಯನ್ನು ಒಂದೊಂದಾಗಿ ಉಜ್ಜಿದರು.

ಆಯುಧವನ್ನು ನಿಷೇಧಿಸುವ ಆಲೋಚನೆ 1899ರದ್ದಲ್ಲ. ಅದರ ಜೊತೆಗೇ, ಯಾರ ಮೇಲೆ ಬಳಸಿದರೆ ತಪ್ಪು ಎಂಬ ಷರತ್ತೂ ಹಿಂದಿನಿಂದ ಬಂದದ್ದು. 1139ರ ಎರಡನೆಯ ಲ್ಯಾಟರನ್ ಧರ್ಮಸಭೆ ಅಡ್ಡಬಿಲ್ಲನ್ನು ನಿಷೇಧಿಸಿತು, ಆದರೆ ಕ್ರೈಸ್ತರ ಮೇಲೆ ಬಳಸುವುದನ್ನು ಮಾತ್ರ. 1718ರಲ್ಲಿ ಜೇಮ್ಸ್ ಪಕಲ್ ಎಂಬ ಇಂಗ್ಲಿಷ್ ವಕೀಲ ಹೊಸ ಬಂದೂಕೊಂದಕ್ಕೆ ಪೇಟೆಂಟ್ ಪಡೆದ. ಕ್ರೈಸ್ತರಿಗೆ ದುಂಡನೆಯ ಗುಂಡು, ತುರ್ಕರಿಗೆ ಚೌಕದ ಗುಂಡು ಎಂದು ಅದರಲ್ಲೇ ನಮೂದಿಸಿದ. ನಮ್ಮಲ್ಲಿ ಇದನ್ನು ಓದಿದವರು ಮನುಸ್ಮೃತಿಯ ಕಡೆ ಬೆರಳು ತೋರಿಸುವುದುಂಟು. ಮುಳ್ಳಿನ ಬಾಣ, ವಿಷ ಸವರಿದ ಬಾಣ, ಬೆಂಕಿ ಹೊತ್ತಿಸಿದ ಬಾಣ ಕೂಡದೆಂದು ಅದರ ಏಳನೆಯ ಅಧ್ಯಾಯ ಹೇಳುವುದು ನಿಜ. ಅದು ರಾಜಧರ್ಮದ ಅಧ್ಯಾಯ, ರಾಜನಿಗೂ ಕ್ಷತ್ರಿಯ ಯೋಧನಿಗೂ ಹೇಳಿದ ಮಾತು. ಕಾಡಿನ ಜನರ ಮೇಲೆ ಹೋದ ದಂಡಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸಿತೋ ಯಾರು ಬಲ್ಲರು. ಎಲ್ಲರಿಗಿಂತ ಮೊದಲು ನಾವೇ ಮಾನವೀಯರಾಗಿದ್ದೆವೆಂದು ಎದೆ ತಟ್ಟಿಕೊಳ್ಳಲು ಆ ಶ್ಲೋಕ ಸಾಲದು. ಆಧುನಿಕ ಒಪ್ಪಂದಗಳ ಸಾಲಿನಲ್ಲಿ ಮೊದಲನೆಯದು 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ. ಮದ್ದಿನ ಗಾಡಿಗಳನ್ನು ಸಿಡಿಸಲು ರಷ್ಯದ ಸೇನೆ ತಯಾರಿಸಿದ್ದ ಸ್ಫೋಟಕ ಗುಂಡು ಮನುಷ್ಯನ ಮೈಯಲ್ಲೂ ಸಿಡಿಯುವಂತೆ ಮಾರ್ಪಟ್ಟಾಗ ರಷ್ಯವೇ ಹೆದರಿ, 400 ಗ್ರಾಂಗಿಂತ ಕಡಿಮೆ ತೂಕದ ಸಿಡಿಗುಂಡುಗಳನ್ನು ಬಿಡೋಣವೆಂದು ಉಳಿದವರನ್ನು ಒಪ್ಪಿಸಿತು. ಯುದ್ಧದ ನ್ಯಾಯವಾದ ಗುರಿ ಶತ್ರುವಿನ ಸೇನಾಬಲವನ್ನು ಕುಗ್ಗಿಸುವುದಷ್ಟೆ, ಗಾಯಗೊಂಡವನ ನೋವನ್ನು ವೃಥಾ ಹೆಚ್ಚಿಸುವ ಆಯುಧ ಆ ಗುರಿಯನ್ನು ಮೀರುತ್ತದೆ ಎಂಬ ತತ್ವ ಅಲ್ಲಿ ಬರಹಕ್ಕಿಳಿಯಿತು.

ಹೇಗ್‌ನಲ್ಲಿ ಈ ತತ್ವವನ್ನು ಅರಳುವ ಗುಂಡಿಗೂ ವಿಸ್ತರಿಸುವ ಪ್ರಸ್ತಾಪ ಬಂದಾಗ ಬ್ರಿಟನ್ನಿನ ಪರವಾಗಿ ಎದ್ದು ನಿಂತವನು ಮೇಜರ್ ಜನರಲ್ ಸರ್ ಜಾನ್ ಆರ್ಡಾ, ಸೇನೆಯ ಗುಪ್ತಚರ ವಿಭಾಗದ ಮುಖ್ಯಸ್ಥ. ಅವನ ವಾದದಲ್ಲಿ ಮುಚ್ಚುಮರೆ ಇರಲಿಲ್ಲ. ನಾಗರಿಕ ದೇಶದ ಸೈನಿಕ ತನಗೆ ಗುಂಡು ತಾಗಿತೆಂದು ಗೊತ್ತಾದೊಡನೆ ಹಿಂದೆ ಸರಿದು ಆಸ್ಪತ್ರೆ ಸೇರುತ್ತಾನೆ. ಅನಾಗರಿಕ ಹಾಗಲ್ಲ, ಎರಡು ಮೂರು ಗುಂಡು ತಿಂದರೂ ಬರುತ್ತಲೇ ಇರುತ್ತಾನೆ, ನೀನು ಹೇಗ್‌ನ ನಿರ್ಣಯವನ್ನು ಮುರಿಯುತ್ತಿದ್ದೀಯೆ ಎಂದು ಅವನಿಗೆ ತಿಳಿಹೇಳುವಷ್ಟರಲ್ಲಿ ನಿಮ್ಮ ತಲೆ ಕಡಿದಿರುತ್ತಾನೆ ಎಂಬುದು ಅದರ ಸಾರ. ಸಭೆಯಲ್ಲಿ ನಗು ಎದ್ದಿತೋ ಇಲ್ಲವೋ, ರಷ್ಯದ ಪ್ರತಿನಿಧಿ ರಫಲೋವಿಚ್ ಮಾತ್ರ ನಗಲಿಲ್ಲ. ಅನಾಗರಿಕ ಶತ್ರು, ನಾಗರಿಕ ಶತ್ರು ಎಂಬ ಭೇದ ಈ ಶತಮಾನದ ಮಾನವೀಯ ಭಾವನೆಗೆ ವಿರುದ್ಧ, ಅದನ್ನು ಒಪ್ಪಲಾಗದು ಎಂದ. ಅಮೆರಿಕದ ಕ್ಯಾಪ್ಟನ್ ವಿಲಿಯಂ ಕ್ರೋಜಿಯರ್ ಇನ್ನೊಂದು ದಾರಿ ಸೂಚಿಸಿದ: ಗುಂಡಿನ ರಚನೆಯನ್ನು ಹೆಸರಿಸುವುದು ಬೇಡ, ಶತ್ರುವನ್ನು ನಿಲ್ಲಿಸಲು ಬೇಕಾದ್ದಕ್ಕಿಂತ ಹೆಚ್ಚು ಕ್ರೂರವಾದ ಗಾಯ ಮಾಡುವ ಗುಂಡು ಕೂಡದು ಎಂದಷ್ಟೇ ಬರೆಯೋಣ. ಅದೂ ಬಿದ್ದುಹೋಯಿತು. ಕೊನೆಗೆ ಬ್ರಿಟನ್ ಮತ್ತು ಅಮೆರಿಕ ವಿರೋಧಿಸಿ, ಪೋರ್ಚುಗಲ್ ತಟಸ್ಥವಾಗಿ, ಉಳಿದವರೆಲ್ಲ ಒಪ್ಪಿ ಘೋಷಣೆ ಅಂಗೀಕಾರವಾಯಿತು. ಮನುಷ್ಯನ ಮೈಯಲ್ಲಿ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ, ಉದಾಹರಣೆಗೆ ಹೊದಿಕೆ ಪೂರ್ತಿ ಮುಚ್ಚದ ಅಥವಾ ಹೊದಿಕೆಯಲ್ಲಿ ಕಚ್ಚು ಹಾಕಿದ ಗುಂಡುಗಳನ್ನು ಬಳಸುವುದಿಲ್ಲ ಎಂದು ಅದರ ಮಾತು. ದಮ್‌ದಮ್‌ನ ಹೆಸರು ಅದರಲ್ಲಿಲ್ಲ. ಯಾರಿಗೂ ಸಂಶಯವೂ ಇರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಆರ್ಡಾ ಸೋತ, ರಫಲೋವಿಚ್ ಗೆದ್ದ ಎನ್ನಬಹುದಿತ್ತು. ಆದರೆ ಘೋಷಣೆಯ ಅದೇ ಪುಟದಲ್ಲಿ, ಸ್ವಲ್ಪ ಕೆಳಗೆ, ಇನ್ನೊಂದು ವಾಕ್ಯವಿದೆ. ಈ ಕಟ್ಟುಪಾಡು ಸಹಿ ಹಾಕಿದ ದೇಶಗಳಿಗೆ ಮಾತ್ರ, ಅವುಗಳಲ್ಲೇ ಎರಡು ಅಥವಾ ಹೆಚ್ಚು ದೇಶಗಳ ನಡುವೆ ಯುದ್ಧವಾದಾಗ ಮಾತ್ರ. ಸಹಿ ಹಾಕದ ಒಂದು ದೇಶ ಯಾವುದೇ ಕಡೆ ಸೇರಿಕೊಂಡ ಕ್ಷಣದಿಂದ ಅದು ಯಾರಿಗೂ ಅನ್ವಯಿಸುವುದಿಲ್ಲ. 1868ರ ಘೋಷಣೆಯಲ್ಲೂ ಇದೇ ಷರತ್ತಿತ್ತು. ಈಗ ಲೆಕ್ಕ ಹಾಕಿ: ತೀರಾಹ್‌ನ ಆಫ್ರಿದಿಗಳು ಹೇಗ್‌ಗೆ ಪ್ರತಿನಿಧಿ ಕಳಿಸಿರಲಿಲ್ಲ, ಸೂಡಾನಿನ ಮಹದಿಯ ಅನುಯಾಯಿಗಳೂ ಕಳಿಸಿರಲಿಲ್ಲ. ಏಷ್ಯದಿಂದ ಜಪಾನ್, ಚೀನಾ, ಸಯಾಂ, ಪರ್ಷಿಯ ಬಂದಿದ್ದವು. ವಸಾಹತುಗಳ ಪರವಾಗಿ ಅವುಗಳ ಒಡೆಯರೇ ಕೂತಿದ್ದರು. ಅಂದರೆ ಬ್ರಿಟನ್ ಅಂದೇ ಸಹಿ ಹಾಕಿದ್ದರೂ ಗಡಿನಾಡಿನ ಪಠಾಣನ ಮೇಲೆ ದಮ್‌ದಮ್ ಗುಂಡು ಹಾರಿಸಲು ಘೋಷಣೆಯ ಅಡ್ಡಿಯಿರಲಿಲ್ಲ. ಆರ್ಡಾ ಬಾಯಿಬಿಟ್ಟು ಕೇಳಿದ್ದನ್ನು ಸಭೆ ನಿರಾಕರಿಸಿತು, ಬಾಯಿಬಿಡದೆಯೇ ಕೊಟ್ಟಿತು. ಕ್ರೌರ್ಯದ ಮಾತಿನಲ್ಲಿ ಅವನಿಗೆ ಸಿಗದಿದ್ದದ್ದು ಒಪ್ಪಂದದ ತಾಂತ್ರಿಕ ಷರತ್ತಿನಲ್ಲಿ ಸಿಕ್ಕಿತು. ಇನ್ನೊಂದು ವಿಪರ್ಯಾಸವೆಂದರೆ, ಲಿಖಿತ ನಿಯಮ ಮುಟ್ಟದ ಕಡೆಯೂ ಮಾನವೀಯತೆಯ ನಿಯಮಗಳು ಮತ್ತು ಸಾರ್ವಜನಿಕ ಅಂತಃಸಾಕ್ಷಿ ಜನರನ್ನು ಕಾಯುತ್ತವೆ ಎಂಬ ಪ್ರಸಿದ್ಧ ಮಾರ್ಟೆನ್ಸ್ ವಾಕ್ಯ ಕೂಡ ಅದೇ ಸಮ್ಮೇಳನದ ಕೂಸು. ರಷ್ಯದ ಪ್ರತಿನಿಧಿ ಫ್ಯೋದರ್ ಮಾರ್ಟೆನ್ಸ್ ಸೂಚಿಸಿದ ಆ ವಾಕ್ಯವನ್ನು ಇಂದಿಗೂ ವಕೀಲರು ನ್ಯಾಯಾಲಯಗಳಲ್ಲಿ ಉದ್ಧರಿಸುತ್ತಾರೆ. ಅದು ಆಫ್ರಿದಿಯನ್ನು ಕಾಯಿತೆಂದು ಯಾರೂ ಹೇಳಿಲ್ಲ.

ಭೇದ ಬರಿಯ ಕಾಗದದ್ದಲ್ಲವೆಂಬುದಕ್ಕೆ ಅದೇ ವರ್ಷದ ಅಕ್ಟೋಬರಿನಲ್ಲಿ ಪುರಾವೆ ಸಿಕ್ಕಿತು. ದಕ್ಷಿಣ ಆಫ್ರಿಕದಲ್ಲಿ ಬೋಯರರ ಜೊತೆ ಯುದ್ಧ ಹೊತ್ತಿಕೊಂಡಾಗ ಬ್ರಿಟನ್ ಘೋಷಣೆಗೆ ಸೇರಿರಲಿಲ್ಲ, ಯಾವ ಕಾನೂನೂ ಅದರ ಕೈ ಕಟ್ಟಿರಲಿಲ್ಲ. ಆದರೂ ಅರಳುವ ಬಗೆಯ ಮಾರ್ಕ್ 4 ಗುಂಡನ್ನು ಹಿಂದಕ್ಕೆ ತೆಗೆದುಕೊಂಡು ಪೂರ್ತಿ ಹೊದಿಕೆಯ ಹಳೆಯ ಮಾರ್ಕ್ 2 ಗುಂಡನ್ನೇ ಕೊಟ್ಟಿತು. ಬಿಸಿಲಿನ ಝಳಕ್ಕೆ, ನಳಿಗೆಯ ಕಾವಿಗೆ ಮಾರ್ಕ್ 4 ಗುಂಡಿನ ಹೊದಿಕೆ ಕಳಚಿಕೊಳ್ಳುತ್ತಿದ್ದುದೂ ಒಂದು ಕಾರಣವೆನ್ನಿ. ಆದರೆ ಬಿಳಿಯ ರೈತರ ಮೇಲೆ ಅದನ್ನು ಹಾರಿಸಿದರೆ ಯುರೋಪಿನಲ್ಲಿ ಮುಖ ಎತ್ತಲಾಗದು ಎಂಬ ಲೆಕ್ಕ ಲಂಡನ್ನಿನಲ್ಲಿ ಇತ್ತು. ಬೋಯರರೇ ಬೇಟೆಯ ಮೆತ್ತನೆ ಮೂತಿಯ ಗುಂಡು ಬಳಸುತ್ತಿದ್ದಾರೆಂಬ ದೂರು ಬ್ರಿಟಿಷರ ಕಡೆಯಿಂದ ಬಂದಾಗಲೂ ಈ ನೀತಿ ಬದಲಾಗಲಿಲ್ಲ. ಶತ್ರು ಪಾಲಿಸದಿದ್ದರೆ ನಾವೇಕೆ ಪಾಲಿಸಬೇಕೆಂಬ ತರ್ಕ ಅಲ್ಲಿ ಏಕೋ ನೆನಪಾಗಲಿಲ್ಲ.

ಬ್ರಿಟಿಷರ ಪರವಾದ ವಾದವನ್ನೂ ಅದರ ಪೂರ್ಣ ಬಲದಲ್ಲಿ ಕೇಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ಟ್ಯೂಬಿಂಗನ್‌ನ ಶಸ್ತ್ರವೈದ್ಯ ಪಾಲ್ ಫಾನ್ ಬ್ರೂನ್ಸ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳು ಯುರೋಪಿನ ಜನಾಭಿಪ್ರಾಯವನ್ನು ಕೆರಳಿಸಿದವು. ಆದರೆ ಅವನು ಶವಗಳ ಮೇಲೆ ಹಾರಿಸಿದ್ದು ದಮ್‌ದಮ್ ಗುಂಡನ್ನಲ್ಲ, ಅದಕ್ಕಿಂತ ಹೆಚ್ಚು ಸೀಸ ಹೊರಗೆ ಕಾಣುವ ಜರ್ಮನ್ ಬೇಟೆ ಗುಂಡನ್ನು. ಅಬರ್ಡೀನಿನ ವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಇದನ್ನು ಎತ್ತಿ ತೋರಿಸಿದ. ಹಳೆಯ ಮಾರ್ಟಿನಿ-ಹೆನ್ರಿ ಗುಂಡಿನ ಗಾಯ ಇದಕ್ಕಿಂತ ಕಡಿಮೆಯದಲ್ಲ, ಅದನ್ನು ಯಾರೂ ಆಕ್ಷೇಪಿಸಿರಲಿಲ್ಲವಲ್ಲ ಎಂದು ಬ್ರಿಟಿಷರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಮುಂದೆ ನಡೆದದ್ದೂ ಅವರಿಗೇ ಅನುಕೂಲ. 1910ರಲ್ಲಿ ಬ್ರಿಟನ್ ತಂದ ಮಾರ್ಕ್ 7 ಗುಂಡಿಗೆ ಪೂರ್ತಿ ಹೊದಿಕೆಯಿತ್ತು, ಆದರೆ ಮೂತಿಯೊಳಗೆ ಹಗುರವಾದ ಅಲ್ಯೂಮಿನಿಯಂ ತುಂಬಿದ್ದರಿಂದ ಅದು ಮೈಯೊಳಗೆ ಪಲ್ಟಿ ಹೊಡೆಯುತ್ತಿತ್ತು. 1960ರ ದಶಕದಲ್ಲಿ ಬಂದ ಅಮೆರಿಕದ ಎಂ-16 ರೈಫಲ್ಲಿನ 5.56 ಮಿಲಿಮೀಟರ್ ಗುಂಡಿನ ಬಗ್ಗೆಯೂ ಇದೇ ತಕರಾರು. ರೆಡ್‌ಕ್ರಾಸ್ ಅಂತಾರಾಷ್ಟ್ರೀಯ ಸಮಿತಿ 1974ರಲ್ಲಿ ಲೂಸರ್ನ್, 1976ರಲ್ಲಿ ಲುಗಾನೊದಲ್ಲಿ ತಜ್ಞರನ್ನು ಸೇರಿಸಿತು, ಒಮ್ಮತ ಮೂಡಲಿಲ್ಲ. ಹಾಗಾದರೆ ಹೊದಿಕೆಯ ರಚನೆಯನ್ನು ಹಿಡಿದು ನಿಷೇಧಿಸಿದ್ದು ಮೂರ್ಖತನ, ಕ್ರೋಜಿಯರ್ ಹೇಳಿದಂತೆ ಗಾಯದ ಪರಿಣಾಮವನ್ನೇ ಅಳೆಯಬೇಕಿತ್ತೇ? ಕೇಳಲು ಸರಿಯೆನಿಸುತ್ತದೆ. ಆದರೆ ಶತ್ರುವನ್ನು ನಿಲ್ಲಿಸಲು ಎಷ್ಟು ಗಾಯ ಬೇಕೆಂದು ಅಳೆಯುವವರು ಯಾರು? ಪಠಾಣನಿಗೆ ಹೆಚ್ಚು ಬೇಕು ಎಂದು ಆರ್ಡಾ ಹೇಳಿದ್ದು ಆ ಅಳತೆಯನ್ನೇ. ಪರಿಣಾಮದ ಸೂತ್ರ ಒಪ್ಪಿದ್ದರೆ ಶತ್ರುವಿನ ಚರ್ಮದ ಬಣ್ಣ ಗುಂಡಿನ ಲೆಕ್ಕದೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತಿತ್ತು. ರಚನೆಯ ಸೂತ್ರ ಒರಟು, ಅನೇಕ ಕ್ರೂರ ಗುಂಡುಗಳನ್ನು ಹೊರಗೆ ಬಿಡುತ್ತದೆ. ಆದರೆ ಸತ್ತವನ ಪಕ್ಕದಲ್ಲಿ ಬಿದ್ದ ಕಾಡತೂಸನ್ನು ಯಾವ ಸಿಪಾಯಿಯೂ ಎತ್ತಿ ನೋಡಿ, ಮೂತಿಯಲ್ಲಿ ಸೀಸ ಕಂಡರೆ ತಪ್ಪು ನಡೆದಿದೆಯೆಂದು ಹೇಳಬಲ್ಲ. ಅಮೆರಿಕ ಇಂದಿಗೂ 1899ರ ಘೋಷಣೆಗೆ ಸೇರಿಲ್ಲ. ಅದರ ರಕ್ಷಣಾ ಇಲಾಖೆ 2015ರಲ್ಲಿ ಹೊರತಂದ ಯುದ್ಧ ಕಾನೂನಿನ ಕೈಪಿಡಿ, ಅರಳುವ ಗುಂಡು ತಾನಾಗಿಯೇ ನಿಷಿದ್ಧವಲ್ಲ, ಅನಗತ್ಯ ನೋವಿಗೆಂದೇ ರೂಪಿಸಿದ್ದರೆ ಮಾತ್ರ ಎನ್ನುತ್ತದೆ. ಕ್ರೋಜಿಯರ್ ಇನ್ನೂ ವಾದಿಸುತ್ತಲೇ ಇದ್ದಾನೆ.

ಇಂಥ ಕಾನೂನನ್ನು ಯುದ್ಧದಲ್ಲಿ ಯಾರು ಕೇಳುತ್ತಾರೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. 1907ರ ಎರಡನೆಯ ಹೇಗ್ ಸಮ್ಮೇಳನದ ಹೊತ್ತಿಗೆ ಬ್ರಿಟನ್ ಘೋಷಣೆಯನ್ನು ಒಪ್ಪಿಕೊಂಡಿತು. 1914ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕೈಸರ್ ಅಮೆರಿಕದ ಅಧ್ಯಕ್ಷ ವಿಲ್ಸನ್‌ಗೆ ತಂತಿ ಕಳಿಸಿ ಫ್ರೆಂಚರೂ ಬ್ರಿಟಿಷರೂ ದಮ್‌ದಮ್ ಗುಂಡು ಬಳಸುತ್ತಿದ್ದಾರೆಂದು ದೂರಿದ. ಫ್ರಾನ್ಸ್ ಅದೇ ಆರೋಪವನ್ನು ಅವನ ಮೇಲೆ ಹೊರಿಸಿತು. ಆ ಯುದ್ಧದಲ್ಲಿ ವಿಷಾನಿಲವನ್ನೂ ಬಿಟ್ಟವರು, ಈ ಗುಂಡನ್ನು ಮಾತ್ರ ನಾವು ಬಳಸುತ್ತೇವೆ ಎಂದು ಬಹಿರಂಗವಾಗಿ ಹೇಳುವ ಧೈರ್ಯ ಮಾಡಲಿಲ್ಲ.

ಹೊರಗಿಟ್ಟ ಶತ್ರುವನ್ನು ಒಳಗೆ ಕರೆತರುವ ಕೆಲಸಕ್ಕೆ ಮಾತ್ರ ಇನ್ನೂ ಅರ್ಧ ಶತಮಾನ ಹಿಡಿಯಿತು. 1949ರ ನಾಲ್ಕು ಜಿನೀವಾ ಒಪ್ಪಂದಗಳಿಗೂ ಸಮಾನವಾದ ಮೂರನೆಯ ವಿಧಿ ಮೊಟ್ಟಮೊದಲ ಸಲ, ದೇಶದೊಳಗಿನ ಸಶಸ್ತ್ರ ಸಂಘರ್ಷದಲ್ಲೂ ಸೆರೆಸಿಕ್ಕವರನ್ನು, ಗಾಯಾಳುಗಳನ್ನು ಕೊಲ್ಲಬಾರದು, ಹಿಂಸಿಸಬಾರದು ಎಂದಿತು. ಎದುರಿನವನು ಸಹಿ ಹಾಕಿದ್ದಾನೆಯೇ, ಪಾಲಿಸುತ್ತಾನೆಯೇ ಎಂದು ಅದು ಕೇಳುವುದಿಲ್ಲ. 1995ರ ಅಕ್ಟೋಬರಿನಲ್ಲಿ ಯುಗೋಸ್ಲಾವಿಯ ನ್ಯಾಯಮಂಡಳಿಯ ಮೇಲ್ಮನವಿ ಪೀಠ ಟಾಡಿಚ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ದೇಶ ದೇಶಗಳ ಯುದ್ಧದಲ್ಲಿ ಅಮಾನವೀಯವೆನಿಸಿದ ಆಯುಧ ಒಳಯುದ್ಧದಲ್ಲಿ ಮಾನವೀಯವಾಗಲಾರದು ಎಂದು ತೀರ್ಪಿತ್ತಿತು. ರಫಲೋವಿಚ್ 96 ವರ್ಷ ಕಾಯಬೇಕಾಯಿತು. ಹೀಗಿರುವಾಗ 2002ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್, ಅಲ್ ಖೈದಾದವರಿಗೆ ಮೂರನೆಯ ವಿಧಿ ಕೂಡ ಅನ್ವಯಿಸದೆಂದು ನಿರ್ಧರಿಸಿದ್ದು ಹೊಸ ಶತ್ರುವಿಗೆ ಕಂಡುಕೊಂಡ ಹೊಸ ಉತ್ತರವಾಗಿರಲಿಲ್ಲ, ಕಾನೂನು ಆಗಲೇ ಮುಚ್ಚಿದ್ದ ಕಿಂಡಿಯನ್ನು ಮತ್ತೆ ತೆರೆಯುವ ಯತ್ನವಾಗಿತ್ತು. ನಾಲ್ಕು ವರ್ಷಗಳ ನಂತರ ಹಮ್ದಾನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಅದನ್ನು ಮುಚ್ಚಿತು.

ಗುಂಡಿನ ವಿಷಯದಲ್ಲಿ ಕಿಂಡಿ ಇನ್ನೂ ಪೂರ್ತಿ ಮುಚ್ಚಿಲ್ಲ. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಕಟ್ಟಿದ 1998ರ ರೋಮ್ ಶಾಸನ ಅರಳುವ ಗುಂಡಿನ ಬಳಕೆಯನ್ನು ಯುದ್ಧಾಪರಾಧವೆಂದಿತು, ಆದರೆ ದೇಶ ದೇಶಗಳ ನಡುವಿನ ಯುದ್ಧದಲ್ಲಿ ಮಾತ್ರ. ಬೆಲ್ಜಿಯಂನ ಪ್ರಯತ್ನದಿಂದ 2010ರ ಜೂನ್‌ನಲ್ಲಿ ಕಂಪಾಲಾದ ಸಮಾವೇಶ ಒಳಯುದ್ಧಕ್ಕೂ ಅದನ್ನು ವಿಸ್ತರಿಸುವ ತಿದ್ದುಪಡಿ ತಂದಿತು. ತಿದ್ದುಪಡಿಯನ್ನು ಒಪ್ಪದ ಸದಸ್ಯ ದೇಶದ ನೆಲದಲ್ಲಿ ಅಥವಾ ಅದರ ಪ್ರಜೆಗಳಿಂದ ನಡೆದ ಕೃತ್ಯಕ್ಕೆ ಅದು ತಾಗದು. ನೋವನ್ನು ವೃಥಾ ಹೆಚ್ಚಿಸುತ್ತದೆಂದು ಗೊತ್ತಿದ್ದೂ ಬಳಸಿದರೆ ಮಾತ್ರ ಅಪರಾಧ ಎಂಬ ಅರ್ಹತೆಯನ್ನೂ ಸೇರಿಸಲಾಯಿತು. ಇದಕ್ಕೆ ಒಂದು ಗಟ್ಟಿ ಕಾರಣ ಪೊಲೀಸರು. ಅನೇಕ ದೇಶಗಳ ಪೊಲೀಸರ ಪಿಸ್ತೂಲಿನಲ್ಲಿ ಅರಳುವ ಗುಂಡೇ ಇರುತ್ತದೆ, ಏಕೆಂದರೆ ಪೂರ್ತಿ ಹೊದಿಕೆಯ ಗುಂಡು ಒತ್ತೆ ಹಿಡಿದವನನ್ನು ತೂರಿಕೊಂಡು ಹಿಂದಿರುವ ಒತ್ತೆಯಾಳಿಗೂ ತಾಗಬಹುದು. ಪೊಲೀಸರಿಗೆ ಸಲ್ಲುವ ಗುಂಡು ಸೈನಿಕನಿಗೆ ಏಕೆ ಸಲ್ಲದು ಎಂದು ಕೇಳುವವರಿಗೆ ಉತ್ತರ ಕಷ್ಟವಲ್ಲ: ಪಿಸ್ತೂಲಿನ ಗುಂಡಿನ ಬಲ ರೈಫಲ್ಲಿನದಕ್ಕಿಂತ ಎಷ್ಟೋ ಕಡಿಮೆ, ದೂರ ಕೆಲವು ಮಾರು, ಪಕ್ಕದಲ್ಲೇ ಆಂಬುಲೆನ್ಸ್. ಗಡಿಯ ಬೆಟ್ಟದಲ್ಲಿ 600 ಗಜದಾಚೆ ಬಿದ್ದವನಿಗೆ ಇದಾವುದೂ ಇಲ್ಲ.

ಕಷ್ಟವಾದ ಪ್ರಶ್ನೆ ಬೇರೆ. ನಡೆಯುತ್ತಿರುವುದು ಪೊಲೀಸ್ ಕಾರ್ಯಾಚರಣೆಯೋ ಸಶಸ್ತ್ರ ಸಂಘರ್ಷವೋ ಎಂದು ಹೇಳುವವರು ಯಾರು? ಟಾಡಿಚ್ ತೀರ್ಪಿನಿಂದ ಬೆಳೆದ ಅಳತೆಗೋಲು ಎರಡು: ಹಿಂಸೆ ಎಷ್ಟು ತೀವ್ರ, ಎದುರಾಳಿ ಗುಂಪು ಎಷ್ಟು ಸಂಘಟಿತ. ಅದನ್ನು ನ್ಯಾಯಾಧೀಶರು ವರ್ಷಗಳ ನಂತರ ಹಿಡಿದು ನೋಡುತ್ತಾರೆ. ಘಟನೆಯ ದಿನ ಹೆಸರಿಡುವುದು ಸರ್ಕಾರ, ಮತ್ತು ಯಾವ ಸರ್ಕಾರವೂ ತನ್ನ ನೆಲದಲ್ಲಿ ಯುದ್ಧ ನಡೆಯುತ್ತಿದೆಯೆಂದು ಒಪ್ಪಲು ಇಷ್ಟಪಡುವುದಿಲ್ಲ. ಭಾರತ 1950ರಲ್ಲೇ ಜಿನೀವಾ ಒಪ್ಪಂದಗಳನ್ನು ಅನುಮೋದಿಸಿ 1960ರಲ್ಲಿ ಅದಕ್ಕೊಂದು ಕಾಯ್ದೆ ಮಾಡಿತು. ಆದರೆ ಒಳಯುದ್ಧಗಳನ್ನು ಕುರಿತ 1977ರ ಎರಡನೆಯ ಹೆಚ್ಚುವರಿ ಒಡಂಬಡಿಕೆಗೂ ರೋಮ್ ಶಾಸನಕ್ಕೂ ಸೇರಿಲ್ಲ. ಅಪರಾಧ ನ್ಯಾಯಾಲಯ ದೇಶದ ಆಂತರಿಕ ಸಂಘರ್ಷಗಳೊಳಗೆ ಕೈ ಹಾಕುವುದು ದೆಹಲಿಗೆ ಒಪ್ಪಿಗೆಯಾಗಲಿಲ್ಲ. ಸಾಮ್ರಾಜ್ಯವೊಂದರ ಕೈಯಲ್ಲಿ ಅಂತಾರಾಷ್ಟ್ರೀಯ ಕಾನೂನು ಹೇಗೆ ತಿರುಗುತ್ತದೆಂದು ಕಂಡ ದೇಶಕ್ಕೆ ಈ ಅನುಮಾನ ಸಹಜ, ಮತ್ತು ಭದ್ರತಾ ಮಂಡಳಿಗೆ ಆ ನ್ಯಾಯಾಲಯದಲ್ಲಿ ಕೊಟ್ಟಿರುವ ಅಧಿಕಾರವನ್ನು ನೋಡಿದರೆ ಅದು ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಆದರೆ ಗುಂಡಿನಷ್ಟು ಸಣ್ಣ ವಿಷಯಕ್ಕೆ ಯಾವ ನ್ಯಾಯಾಲಯವೂ ಬೇಕಾಗಿಲ್ಲ. ಯುದ್ಧದ ರೂಢಿಗತ ನಿಯಮಗಳನ್ನು ರೆಡ್‌ಕ್ರಾಸ್ ಸಮಿತಿ 2005ರಲ್ಲಿ ಕಲೆಹಾಕಿದಾಗ 77ನೆಯ ನಿಯಮವಾಗಿ ಅರಳುವ ಗುಂಡಿನ ನಿಷೇಧವನ್ನು ಎರಡು ಬಗೆಯ ಸಂಘರ್ಷಗಳಿಗೂ ಒಂದೇ ಎಂದು ಬರೆಯಿತು. ಅದನ್ನು ತನ್ನ ಸೇನೆಯ ಮತ್ತು ಅರೆಸೇನಾ ಪಡೆಗಳ ರೈಫಲ್ಲುಗಳಿಗೆ, ಎದುರಿರುವವನು ಯಾರೇ ಇರಲಿ, ಆಜ್ಞೆಯಾಗಿ ಬರೆಯಲು ಒಂದು ದೇಶಕ್ಕೆ ಬೇಕಾದದ್ದು ಅಂತಾರಾಷ್ಟ್ರೀಯ ಸಹಿಯಲ್ಲ, ರಕ್ಷಣಾ ಮತ್ತು ಗೃಹ ಇಲಾಖೆಗಳ ಒಂದು ಸುತ್ತೋಲೆ.